ಬಿ ಕೋಶಕ್ಕೆ ಸಹಾಯಕ ಟಿ ಕೋಶದ ಒಪ್ಪಿಗೆ ಯಾಕೆ ಬೇಕು? ಸರಿಯಾದ ಬಿ ಕೋಶ ಅದಕ್ಕೆ ಸಿಗುವುದು ಹೇಗೆ?

ಅರೆಬೆಳಕು (ಪ್ರಶ್ನೆ)

ಬಿ ಕೋಶ, ಟಿ ಕೋಶ ಎರಡೂ ಸೋಂಕಿನ ವಿರುದ್ಧ ಕೆಲಸ ಮಾಡುವ ಬಿಳಿ ರಕ್ತಕಣಗಳು, ಪ್ರತಿಕಾಯ ಮಾಡುವುದು ಬಿ ಕೋಶ. ಎಲ್ಲ ಪಾಠಗಳಲ್ಲೂ ಒಂದೇ ವಾಕ್ಯ: "ಸಹಾಯಕ ಟಿ ಕೋಶ ಸೈಟೊಕೈನ್ ಬಿಡುಗಡೆ ಮಾಡಿ ಬಿ ಕೋಶವನ್ನು ಪ್ರಚೋದಿಸುತ್ತದೆ." ಅಲ್ಲಿಗೆ ನಿಲ್ಲಿಸಿದರೆ ನನಗೆ ಲೆಕ್ಕ ಕೂಡುತ್ತಿಲ್ಲ.

ಬಿ ಕೋಶದ ಗ್ರಾಹಕ ವೈರಸ್ಸಿನ ಮೇಲ್ಮೈಯನ್ನು ಅದರ ಆಕಾರದ ಸಮೇತ ನೇರವಾಗಿ ಹಿಡಿಯುತ್ತದೆ. ಟಿ ಕೋಶಕ್ಕೆ ಕಾಣುವುದು ಎಂಎಚ್‌ಸಿ (ಪ್ರೋಟೀನಿನ ಚೂರುಗಳನ್ನು ಕೋಶದ ಮೇಲ್ಮೈಯಲ್ಲಿ ಹಿಡಿದು ತೋರಿಸುವ ಅಣು) ಮೇಲೆ ಕೂತ ಪೆಪ್ಟೈಡ್ ಚೂರು ಮಾತ್ರ. ಇಬ್ಬರೂ ನೋಡುವುದು ಬೇರೆ ಬೇರೆ ಭಾಗವನ್ನು. ಹಾಗಿದ್ದ ಮೇಲೆ ಇಬ್ಬರ ಗುರಿಯೂ ಒಂದೇ ಎಂದು ತಾಳೆಯಾಗುವುದು ಎಲ್ಲಿ?

ಸೈಟೊಕೈನ್ ಎಂದರೆ ಒಂದು ಕೋಶ ಇನ್ನೊಂದಕ್ಕೆ ಸಂಕೇತ ಕೊಡಲು ಬಿಡುವ, ಹರಡುವ ಅಣು ತಾನೇ? ಹಾಗಾದರೆ ಅಕ್ಕಪಕ್ಕದ ಸಂಬಂಧವೇ ಇಲ್ಲದ ಬಿ ಕೋಶಗಳೂ ಕೆರಳಬೇಕಲ್ಲ?

ಬಿ ಕೋಶದ ಮೈಮೇಲೂ ಎಂಎಚ್‌ಸಿ 2 ಇದೆ. ಅಂದಮೇಲೆ ನಡುವೆ ಡೆಂಡ್ರಿಟಿಕ್ ಕೋಶ (ಸೂಕ್ಷ್ಮಜೀವಿಯನ್ನು ನುಂಗಿ ಅದರ ಚೂರುಗಳನ್ನು ಟಿ ಕೋಶಕ್ಕೆ ತೋರಿಸುವ ಕೋಶ) ಯಾಕೆ?

ಕೊನೆಯದಾಗಿ, ಸಹಾಯಕ ಟಿ ಕೋಶದ ಬಗೆಗಳಲ್ಲಿ ಟಿಎಚ್1 ಆಗಬೇಕೋ ಟಿಎಚ್2 ಆಗಬೇಕೋ ಟಿಎಚ್17 ಆಗಬೇಕೋ ಎಂದು ತೀರ್ಮಾನಿಸುವವರು ಯಾರು? ಹೋಲಿಕೆಗಳು ಸಾಕು, ಅಣುಗಳ ಹೆಸರು ಹೇಳಿಯೇ ವಿವರಿಸಿ.

ಹಳೇ ಪಿಪೆಟ್

ಮೂರನೆಯ ಪ್ರಶ್ನೆಯಿಂದ (ಡೆಂಡ್ರಿಟಿಕ್ ಕೋಶ ಯಾಕೆ) ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಒಂದು ನಿರ್ದಿಷ್ಟ ಪೆಪ್ಟೈಡನ್ನು ಗುರುತಿಸಬಲ್ಲ ಸಿಡಿ4 ಟಿ ಕೋಶ (ಮೇಲ್ಮೈಯಲ್ಲಿ ಸಿಡಿ4 ಎಂಬ ಪ್ರೋಟೀನಿರುವ ಸಹಾಯಕ ಟಿ ಕೋಶ), ಇನ್ನೂ ಸೋಂಕನ್ನೇ ಕಾಣದ ದೇಹದಲ್ಲಿ, ಲಕ್ಷಕ್ಕೋ ಹತ್ತು ಲಕ್ಷಕ್ಕೋ ಒಂದು. ಆ ಪ್ರತಿಜನಕವನ್ನು (ಪೆಪ್ಟೈಡಿನ ಮೂಲವಾದ ಹೊರಗಿನ ವಸ್ತುವನ್ನು) ಹಿಡಿಯುವ ಬಿ ಕೋಶವೂ ಅಷ್ಟೇ ಅಪರೂಪ. ಇವೆರಡೂ ತಾವಾಗಿಯೇ ಎದುರುಬದುರಾಗುವುದನ್ನು ಕಾಯುತ್ತ ಕೂತರೆ ಸೋಂಕು ತನ್ನ ಕೆಲಸ ಮುಗಿಸಿರುತ್ತದೆ. ಹಾಗಾಗಿ ಮೊದಲು ಟಿ ಕೋಶದ ಸಂಖ್ಯೆ ಹೆಚ್ಚಬೇಕು. ಡೆಂಡ್ರಿಟಿಕ್ ಕೋಶ ಇರುವುದು ಇದಕ್ಕೆ.

ಚರ್ಮದಲ್ಲೋ ಶ್ವಾಸಕೋಶದಲ್ಲೋ ಅದು ಸಿಕ್ಕದ್ದನ್ನೆಲ್ಲ ನುಂಗುತ್ತಿರುತ್ತದೆ. ಟಿಎಲ್‌ಆರ್‌ನಂಥ ಗ್ರಾಹಕಗಳಿಗೆ ಸೂಕ್ಷ್ಮಜೀವಿಯ ಗುರುತು ತಾಗಿತೆಂದರೆ ನುಂಗುವುದನ್ನು ಕಡಿಮೆ ಮಾಡಿ, ಸಿಸಿಆರ್7 ಎಂಬ ಗ್ರಾಹಕವನ್ನು ಹೊರತಂದು, ದುಗ್ಧನಾಳದ ದಾರಿ ಹಿಡಿದು ಹತ್ತಿರದ ದುಗ್ಧಗ್ರಂಥಿ ಸೇರುತ್ತದೆ. ನುಂಗಿದ ಪ್ರೋಟೀನು ಈ ನಡುವೆ ಆಮ್ಲೀಯ ಕೋಶಕದಲ್ಲಿ ಚೂರಾಗುತ್ತಿರುತ್ತದೆ. ಹೊಸದಾಗಿ ತಯಾರಾದ ಎಂಎಚ್‌ಸಿ 2 ಅಣುವಿನ ಸಂದನ್ನು ಮೊದಲು ಇನ್‌ವೇರಿಯಂಟ್ ಚೈನ್ ಎಂಬ ಪ್ರೋಟೀನು ಮುಚ್ಚಿಕೊಂಡಿರುತ್ತದೆ. ಕ್ಯಾಥೆಪ್ಸಿನ್‌ಗಳು ಅದನ್ನು ಕತ್ತರಿಸಿದಾಗ ಸಂದಿನಲ್ಲಿ ಉಳಿಯುವ ತುಂಡು ಕ್ಲಿಪ್. ಅದನ್ನು ಕಿತ್ತು, ಬಿಗಿಯಾಗಿ ಕೂರುವ ಪೆಪ್ಟೈಡಿಗೆ ಜಾಗ ಮಾಡಿಕೊಡುವುದು ಎಚ್‌ಎಲ್‌ಎ-ಡಿಎಂ. ಸಂದಿನ ಎರಡೂ ತುದಿ ತೆರೆದಿರುವುದರಿಂದ ಪೆಪ್ಟೈಡ್ 13ರಿಂದ 25 ಅಮೈನೋ ಆಮ್ಲ ಉದ್ದವಿದ್ದರೂ ನಡೆಯುತ್ತದೆ. ಸಂದಿನೊಳಗೆ ಗಟ್ಟಿಯಾಗಿ ಕೂರುವುದು ನಡುವಿನ 9 ಮಾತ್ರ. ಸಿಡಿ8 ಕೋಶಗಳಿಗೆ (ಸೋಂಕಿತ ಕೋಶವನ್ನು ಕೊಲ್ಲುವ ಟಿ ಕೋಶಗಳಿಗೆ) ಪೆಪ್ಟೈಡ್ ತೋರಿಸುವ ಎಂಎಚ್‌ಸಿ 1ರ ಸಂದು ಎರಡೂ ತುದಿಗಳಲ್ಲಿ ಮುಚ್ಚಿದೆ, ಅಲ್ಲಿ 8ರಿಂದ 10ಕ್ಕೇ ಮುಗಿಯಿತು.

ದುಗ್ಧಗ್ರಂಥಿಯಲ್ಲಿ ಅನುಭವವಿಲ್ಲದ ಟಿ ಕೋಶಗಳು ಸಾಲುಗಟ್ಟಿ ಬಂದು ಮುಟ್ಟಿ ನೋಡಿ ಹೋಗುತ್ತಿರುತ್ತವೆ. ಒಂದೊಂದೂ ಸುಮಾರು ಅರ್ಧ ದಿನದಿಂದ ಒಂದು ದಿನ ಅಲ್ಲಿ ತಿರುಗಾಡಿ, ಏನೂ ಸಿಗದಿದ್ದರೆ ಮುಂದಿನ ಗ್ರಂಥಿಗೆ ಹೊರಡುತ್ತದೆ. ಗ್ರಾಹಕಕ್ಕೆ ಹೊಂದುವ ಪೆಪ್ಟೈಡ್ ಸಿಕ್ಕ ಕೋಶ ನಿಲ್ಲುತ್ತದೆ. ಅದರ ಮೇಲೆ ಮೂಡುವ ಸಿಡಿ69 ಹೊರಹೋಗುವ ದಾರಿ ತೋರಿಸುವ ಎಸ್1ಪಿ ಗ್ರಾಹಕವನ್ನು ಒಳಗೆಳೆಯುವುದರಿಂದ ಕೆಲವು ದಿನ ಅದು ಅಲ್ಲೇ ಉಳಿಯುತ್ತದೆ.

ಆದರೆ ಪೆಪ್ಟೈಡ್ ಹೊಂದಿದರಷ್ಟೇ ಸಾಲದು. ಟಿ ಗ್ರಾಹಕದ ಸಂಕೇತ ಎಲ್‌ಸಿಕೆ, ಝ್ಯಾಪ್-70, ಪಿಎಲ್‌ಸಿ ಗಾಮಾ ಮೂಲಕ ಸಾಗಿ ಕ್ಯಾಲ್ಸಿಯಂ ಏರಿಸುತ್ತದೆ. ಆಗ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ ಜೀನ್ ಚಾಲೂ ಮಾಡುವ ಪ್ರೋಟೀನಾದ ಎನ್‌ಫ್ಯಾಟನ್ನು ಕೋಶಕೇಂದ್ರಕ್ಕೆ ಕಳಿಸುತ್ತದೆ. ಡೆಂಡ್ರಿಟಿಕ್ ಕೋಶದ ಸಿಡಿ80 ಅಥವಾ ಸಿಡಿ86 ಟಿ ಕೋಶದ ಸಿಡಿ28ಕ್ಕೆ ತಾಗದಿದ್ದರೆ ಅಂಥವೇ ಆದ ಎಪಿ-1 ಮತ್ತು ಎನ್‌ಎಫ್-ಕಪ್ಪಾ ಬಿ ಸಾಕಷ್ಟು ಸಿಗುವುದಿಲ್ಲ. ಎಪಿ-1 ಜೊತೆಗಿಲ್ಲದ ಎನ್‌ಫ್ಯಾಟ್ ತಟಸ್ಥ ಅಂತ ತಿಳಿಯಬೇಡಿ, ಅದು ಕೋಶವನ್ನು ಜಡಗೊಳಿಸುವ ಜೀನ್‌ಗಳನ್ನೇ ಚಾಲೂ ಮಾಡುತ್ತದೆ. ಆ ಕೋಶಕ್ಕೆ ಮುಂದೆ ಸರಿಯಾದ ಸಂಕೇತ ಸಿಕ್ಕರೂ ಐಎಲ್-2 (ಟಿ ಕೋಶವನ್ನು ವಿಭಜನೆಗೆ ಹಚ್ಚುವ ಸೈಟೊಕೈನ್) ಮಾಡಲು ಸುಲಭವಾಗಿ ಆಗುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿದೆ: ವಿಶ್ರಾಂತಿಯಲ್ಲಿರುವ ಬಿ ಕೋಶದ ಮೇಲೆ ಸಿಡಿ80, ಸಿಡಿ86 ತೀರಾ ಕಡಿಮೆ. ಹೊಸ ಟಿ ಕೋಶಕ್ಕೆ ಅದೇ ಮೊದಲು ಸಿಕ್ಕರೆ ಹುರುಪು ಬರುವ ಬದಲು ಜಡತ್ವವೇ ಬರುವ ಸಾಧ್ಯತೆ ಹೆಚ್ಚು.

ಎರಡೂ ಸಂಕೇತ ಸಿಕ್ಕಾಗ ಐಎಲ್-2 ಬರುತ್ತದೆ, ಅದರ ಗ್ರಾಹಕದ ಸಿಡಿ25 ತುಂಡೂ ಬರುತ್ತದೆ, ವಿಭಜನೆ ಶುರುವಾಗುತ್ತದೆ. ಕಸಿ ಮಾಡಿಸಿಕೊಂಡವರಿಗೆ ಕೊಡುವ ಸೈಕ್ಲೋಸ್ಪೊರಿನ್, ಟ್ಯಾಕ್ರೋಲಿಮಸ್ ಕೈಹಾಕುವುದು ಕ್ಯಾಲ್ಸಿನ್ಯೂರಿನ್‌ಗೇ.

ಕವಲುದಾರಿ

ಮೇಲಿನ ಉತ್ತರ ಟಿ ಕೋಶವನ್ನು ತಯಾರು ಮಾಡಿ ನಿಲ್ಲಿಸಿದೆ. ತಾಳೆ ನೋಡುವ ಕೆಲಸ ಇನ್ನು ಮುಂದಿನದು, ನನ್ನ ಮಟ್ಟಿಗೆ ಇಡೀ ವಿಷಯದ ಅತ್ಯಂತ ಜಾಣ ಭಾಗ ಇದೇ.

ಬಿ ಕೋಶದ ಗ್ರಾಹಕ ಬರೀ ಗಂಟೆ ಬಾರಿಸುವ ಗುಂಡಿಯಲ್ಲ, ಗಾಳದ ಕೊಕ್ಕೆ ಕೂಡ. ಹಿಡಿದದ್ದನ್ನು ಒಳಗೆಳೆದು, ಕತ್ತರಿಸಿ, ಎಂಎಚ್‌ಸಿ 2ರ ಮೇಲೆ ತೋರಿಸುತ್ತದೆ. ಎಲ್ಲ ಬಿ ಕೋಶಗಳೂ ಸುತ್ತಲಿನ ದ್ರವವನ್ನು ಅಷ್ಟಿಷ್ಟು ಕುಡಿಯುತ್ತವೆ. ಆದರೆ ಗ್ರಾಹಕದಿಂದ ಹಿಡಿದು ನುಂಗುವ ಕೋಶ ಆ ಪ್ರತಿಜನಕದ ಪೆಪ್ಟೈಡನ್ನು ಉಳಿದವಕ್ಕಿಂತ ಸಾವಿರದಿಂದ ಹತ್ತು ಸಾವಿರ ಪಟ್ಟು ಸಮರ್ಥವಾಗಿ ತೋರಿಸುತ್ತದೆ. ಹಾಗಾಗಿ ಟಿ ಕೋಶಕ್ಕೆ ತನ್ನ ಪೆಪ್ಟೈಡ್ ಢಾಳಾಗಿ ಕಾಣುವ ಬಿ ಕೋಶ ಎಂದರೆ, ಆ ಪೆಪ್ಟೈಡ್ ಇದ್ದ ವಸ್ತುವನ್ನೇ ಕೊಕ್ಕೆ ಹಾಕಿ ಎಳೆದುಕೊಂಡ ಬಿ ಕೋಶ. ಇಬ್ಬರೂ ಒಂದೇ ಭಾಗವನ್ನು ನೋಡಬೇಕಾಗಿಲ್ಲ. ಬಿ ನೋಡಿದ ಭಾಗವೂ ಟಿ ನೋಡಿದ ಭಾಗವೂ ನುಂಗುವ ಹೊತ್ತಿಗೆ ಒಂದೇ ಕಣದಲ್ಲಿ ಅಂಟಿಕೊಂಡಿದ್ದರೆ ಸಾಕು.

ಜಾಗವೂ ಗೊತ್ತುಮಾಡಿದ್ದೇ. ದುಗ್ಧಗ್ರಂಥಿಯಲ್ಲಿ ಟಿ ಕೋಶಗಳ ವಲಯ ಬೇರೆ, ಬಿ ಕೋಶಗಳ ಗುಂಪು ಬೇರೆ. ಪ್ರತಿಜನಕ ಹಿಡಿದ ಬಿ ಕೋಶ ಸಿಸಿಆರ್7 ಹೆಚ್ಚಿಸಿಕೊಂಡು ಟಿ ವಲಯದ ಕಡೆ ಸರಿಯುತ್ತದೆ. ಪಳಗಿದ ಟಿ ಕೋಶ ಸಿಸಿಆರ್7 ಕಡಿಮೆ ಮಾಡಿ ಸಿಎಕ್ಸ್‌ಸಿಆರ್5 ಏರಿಸಿಕೊಂಡು ಬಿ ಕಡೆ ಬರುತ್ತದೆ. ಗಡಿಯಲ್ಲಿ ಭೇಟಿ. ಅಲ್ಲಿ ಜೋಡಿಗಳು ಹತ್ತಾರು ನಿಮಿಷ ಅಂಟಿಕೊಂಡೇ ಓಡಾಡುತ್ತವೆ.

ಈಗ ನಿಮ್ಮ ಸೈಟೊಕೈನ್ ಪ್ರಶ್ನೆ. ಮುಖ್ಯ ಸಂಕೇತ ಹರಡುವುದೇ ಇಲ್ಲ, ಯಾಕೆಂದರೆ ಅದು ಟಿ ಕೋಶದ ಪೊರೆಗೇ ಕಚ್ಚಿಕೊಂಡ ಸಿಡಿ40 ಲೈಗ್ಯಾಂಡ್. ಗ್ರಾಹಕಕ್ಕೆ ಪೆಪ್ಟೈಡ್ ತಾಗಿದಾಗ ಅದು ಹೊರಬರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮರೆಯಾಗುತ್ತದೆ. ಎದುರಿನ ಬಿ ಕೋಶದ ಸಿಡಿ40ಕ್ಕೆ ತಾಗಬೇಕಾದರೆ ಮೈಗೆ ಮೈ ತಾಗಲೇಬೇಕು. ಐಎಲ್-4, ಐಎಲ್-21 ಬಿಡುಗಡೆಯಾಗುತ್ತವೆ ನಿಜ, ಆದರೆ ಟಿ ಕೋಶ ತನ್ನ ಸ್ರಾವಯಂತ್ರವನ್ನು ಸಂಪರ್ಕದ ಕಡೆಗೇ ತಿರುಗಿಸಿಕೊಂಡು ಆ ಇಕ್ಕಟ್ಟಿನೊಳಕ್ಕೆ ಸುರಿಯುತ್ತದೆ. ಚೂರುಪಾರು ಆಚೆ ಸೋರಿದರೂ ಸಿಡಿ40 ಸಂಕೇತವಿಲ್ಲದ ನೆರೆಯ ಬಿ ಕೋಶ ಅದರಿಂದ ಹೆಚ್ಚೇನೂ ಮಾಡಲಾರದು.

ಒಪ್ಪಿಗೆ ಸಿಕ್ಕ ಬಿ ಕೋಶಗಳಲ್ಲಿ ಕೆಲವು ಕೂಡಲೇ ಪ್ರತಿಕಾಯ ಕಾರ್ಖಾನೆಗಳಾಗುತ್ತವೆ. ಉಳಿದವು ಜರ್ಮಿನಲ್ ಸೆಂಟರ್ (ಬಿ ಕೋಶಗಳು ವಿಭಜಿಸಿ ಆಯ್ಕೆಯಾಗುವ ತಾಣ) ಕಟ್ಟುತ್ತವೆ. ಅಲ್ಲಿ ಪ್ರತಿಕಾಯದ ಜೀನಿನಲ್ಲಿ ಒಂದೊಂದು ವಿಭಜನೆಗೂ ಸುಮಾರು ಸಾವಿರ ಅಕ್ಷರಕ್ಕೆ ಒಂದರಂತೆ ತಪ್ಪು ಬೀಳುತ್ತದೆ, ಪ್ರತಿಕಾಯದ ಬಗೆ ಐಜಿಎಂನಿಂದ ಐಜಿಜಿಯಾಗಿ ಬದಲಾಗುತ್ತದೆ. ಚೆನ್ನಾಗಿ ಹಿಡಿಯುವ ಬಿ ಕೋಶ ಹೆಚ್ಚು ಪ್ರತಿಜನಕ ಎಳೆದುಕೊಂಡು ಹೆಚ್ಚು ಪೆಪ್ಟೈಡ್ ತೋರಿಸುತ್ತದೆ, ಟಿಎಫ್‌ಎಚ್ ಕೋಶದ (ಬಿ ಕೋಶಕ್ಕೆ ನೆರವಾಗುವ ಬಗೆಯ ಸಹಾಯಕ ಟಿ ಕೋಶದ) ಗಮನ ಅದಕ್ಕೆ ಹೆಚ್ಚು ಸಿಗುತ್ತದೆ. ಇಲ್ಲಿನ ಭೇಟಿಗಳು ಕೆಲವೇ ನಿಮಿಷದವು, ಸಂತೆಯಲ್ಲಿ ಚೌಕಾಸಿ ಮಾಡಿದಂತೆ. ಸಹಾಯ ಸಿಗದ ಕೋಶ ಸಾಯುತ್ತದೆ. (ಹೋಲಿಕೆ ಬೇಡ ಎಂದಿದ್ದಿರಿ, ಒಂದು ನುಸುಳಿತು.)

ಈ ತಾಳೆ ನೋಡುವ ಕ್ರಮ ನಿಜವೆಂದು ಎಲ್ಲಕ್ಕಿಂತ ಚೆನ್ನಾಗಿ ತೋರಿಸುವುದು ಹಿಬ್ ಲಸಿಕೆ. ಹೀಮೊಫಿಲಸ್ ಇನ್‌ಫ್ಲುಯೆಂಜೆ ಬಿ ಬ್ಯಾಕ್ಟೀರಿಯದ ಹೊದಿಕೆ ಸಕ್ಕರೆಯ ಸರಪಳಿ. ಸಕ್ಕರೆಯಿಂದ ಪೆಪ್ಟೈಡ್ ಬರುವುದಿಲ್ಲ, ಹಾಗಾಗಿ ಟಿ ಕೋಶಕ್ಕೆ ಅದು ಕಾಣುವುದೇ ಇಲ್ಲ. 1985ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ಬರೀ ಸಕ್ಕರೆಯ ಲಸಿಕೆ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸರಿಯಾಗಿ ಹಿಡಿಯಲಿಲ್ಲ, ಕಾಯಿಲೆ ಹೆಚ್ಚು ಬಡಿಯುತ್ತಿದ್ದದ್ದು ಆ ವಯಸ್ಸಿನವರಿಗೇ. ಅದೇ ಸಕ್ಕರೆಯನ್ನು ಟೆಟನಸ್ ಟಾಕ್ಸಾಯ್ಡ್‌ಗೋ, ಡಿಫ್ತೀರಿಯಾ ವಿಷದ ನಿರುಪದ್ರವಿ ರೂಪವಾದ ಸಿಆರ್‌ಎಂ197ಕ್ಕೋ ರಾಸಾಯನಿಕವಾಗಿ ಬೆಸೆದಾಗ ಚಿತ್ರ ಬದಲಾಯಿತು. ಬಿ ಕೋಶ ಸಕ್ಕರೆಯನ್ನು ಹಿಡಿದು ಎಳೆದಾಗ ಪ್ರೋಟೀನೂ ಜೊತೆಗೆ ಒಳಗೆ ಹೋಗುತ್ತದೆ. ಟೆಟನಸ್ ಪೆಪ್ಟೈಡ್ ನೋಡಿದ ಟಿ ಕೋಶ ಸಕ್ಕರೆಯ ಬಿ ಕೋಶಕ್ಕೆ ಒಪ್ಪಿಗೆ ಕೊಡುತ್ತದೆ. ಎರಡನ್ನೂ ಬೆಸೆಯದೆ ಬರೀ ಬೆರೆಸಿ ಚುಚ್ಚಿದರೆ ಈ ಕೆಲಸ ಆಗುವುದಿಲ್ಲ.

ಅರೆಬೆಳಕು

ಬೆಸೆಯುವುದಕ್ಕೂ ಬೆರೆಸುವುದಕ್ಕೂ ಇರುವ ವ್ಯತ್ಯಾಸ ಓದಿದ ಮೇಲೆ ಗಂಟು ಬಿಚ್ಚಿತು. ಹಾಗಿದ್ದರೆ ಇಡೀ ವೈರಸ್ ಕಣವನ್ನು ನುಂಗಿದ ಬಿ ಕೋಶಕ್ಕೆ, ವೈರಸ್ಸಿನ ಒಳಗಿನ ಪ್ರೋಟೀನನ್ನು ಗುರುತಿಸುವ ಟಿ ಕೋಶವೂ ಸಹಾಯ ಮಾಡಬಹುದೇ?

ಕವಲುದಾರಿ

ಮಾಡಬಹುದು. ಇನ್‌ಫ್ಲುಯೆಂಜದಲ್ಲಿ ಇದು ತೋರಿಸಿಕೊಟ್ಟ ವಿಷಯ: ಒಳಗಿನ ಪ್ರೋಟೀನಿನ ಟಿ ಕೋಶ ಹೊರಗಿನ ಹೀಮಗ್ಲುಟಿನಿನ್ ಹಿಡಿಯುವ ಬಿ ಕೋಶಕ್ಕೆ ನೆರವಾಗುತ್ತದೆ, ಇಡೀ ಕಣ ಒಟ್ಟಿಗೆ ಒಳಗೆ ಹೋಗಿದ್ದರೆ. ಕಣವನ್ನು ಒಡೆದು ಪ್ರೋಟೀನುಗಳನ್ನು ಬಿಡಿಬಿಡಿಯಾಗಿ ಕೊಟ್ಟರೆ ನಂಟು ಹರಿಯಿತು. ವ್ಯಾಕ್ಸೀನಿಯಾದಂಥ ದೊಡ್ಡ ವೈರಸ್ಸಿನಲ್ಲಿ ಮಾತ್ರ ನೆರವು ಬಹುಮಟ್ಟಿಗೆ ಅದೇ ಪ್ರೋಟೀನಿಗೆ ಸೀಮಿತವಾಗಿರುವುದು ಕಂಡಿದೆ. ಎಲ್ಲ ವೈರಸ್ಸಿಗೂ ಒಂದೇ ನಿಯಮ ಹಾಕಬೇಡಿ.

ನಾಲ್ಕನೇ ಬಣ್ಣ

ಒಂದು ತಿದ್ದುಪಡಿ. ಐಜಿಎಂನಿಂದ ಐಜಿಜಿಗೆ ಬದಲಾವಣೆ ಜರ್ಮಿನಲ್ ಸೆಂಟರಿನ ಕೆಲಸ ಎಂದು ಮೇಲೆ ಬಂದಿದೆ. ಪಠ್ಯಪುಸ್ತಕಗಳೂ ಹಾಗೇ ಬರೆಯುತ್ತವೆ. ಆದರೆ ಇತ್ತೀಚಿನ ಪುರಾವೆಯ ಪ್ರಕಾರ ಆ ಬದಲಾವಣೆ ಹೆಚ್ಚಾಗಿ ಸೆಂಟರ್ ಕಟ್ಟುವ ಮೊದಲೇ, ಟಿ-ಬಿ ಗಡಿಯ ಭೇಟಿಯ ಹೊತ್ತಿಗೇ ನಡೆದಿರುತ್ತದೆ. ಸೆಂಟರಿನೊಳಗಿನ ಮುಖ್ಯ ಕೆಲಸ ಜೀನಿನ ತಿದ್ದಾಟ ಮತ್ತು ಆಯ್ಕೆ.

ಇನ್ನು ಟಿಎಚ್ ಬಗೆಗಳು. ತೀರ್ಮಾನಿಸುವುದು ಮುಖ್ಯವಾಗಿ ಪಳಗಿಸುವ ಹೊತ್ತಿನ ಸೈಟೊಕೈನ್, ಅಂದರೆ ಡೆಂಡ್ರಿಟಿಕ್ ಕೋಶ ಮತ್ತು ಸುತ್ತಲಿನ ಅಂಗಾಂಶ ಏನನ್ನು ಕಂಡಿವೆ ಎಂಬುದು. ಐಎಲ್-12 ಮತ್ತು ಇಂಟರ್‌ಫೆರಾನ್ ಗಾಮಾ ಸಿಕ್ಕರೆ ಟಿ-ಬೆಟ್ (ಜೀನ್ ಚಾಲೂ ಮಾಡಿ ಬಗೆಯನ್ನು ಗೊತ್ತುಮಾಡುವ ಪ್ರೋಟೀನು, ಮುಂದೆ ಬರುವ ಗ್ಯಾಟಾ3ರಂಥವೂ ಅಂಥವೇ) ಏರಿ ಟಿಎಚ್1. ಅದು ಇಂಟರ್‌ಫೆರಾನ್ ಗಾಮಾ ಮಾಡಿ, ಬ್ಯಾಕ್ಟೀರಿಯ ನುಂಗಿ ಕೊಲ್ಲಲಾಗದೆ ಕೂತ ಮ್ಯಾಕ್ರೋಫೇಜಿಗೆ ಬಲ ತುಂಬುತ್ತದೆ. ಐಎಲ್-4 ಸಿಕ್ಕರೆ ಗ್ಯಾಟಾ3 ಏರಿ ಟಿಎಚ್2. ಐಎಲ್-4, 5, 13 ಬಂದು ಇಯೊಸಿನೊಫಿಲ್, ಐಜಿಇ, ಲೋಳೆ ಹೆಚ್ಚುತ್ತವೆ. ಹೊಟ್ಟೆಹುಳುವಿಗೆ ಇದು ಬೇಕು, ಅಲರ್ಜಿಯಲ್ಲಿ ಕಾಡುವುದೂ ಇದೇ. ಟಿಜಿಎಫ್-ಬೀಟಾ ಜೊತೆ ಐಎಲ್-6 ಇದ್ದರೆ ಆರ್‌ಒಆರ್ ಗಾಮಾ ಟಿ ಏರಿ ಟಿಎಚ್17, ಅದು ನ್ಯೂಟ್ರೊಫಿಲ್‌ಗಳನ್ನು ಕರೆಸುತ್ತದೆ. ಐಎಲ್-6 ಇಲ್ಲದೆ ಟಿಜಿಎಫ್-ಬೀಟಾ ಮಾತ್ರ ಇದ್ದರೆ ಅದೇ ಕೋಶ ಫಾಕ್ಸ್‌ಪಿ3 ಏರಿಸಿಕೊಂಡು ತಡೆಯುವ ಟಿ ಕೋಶವಾಗಬಹುದು. ಬಿಸಿಎಲ್6 ಏರಿದ್ದು ಟಿಎಫ್‌ಎಚ್. ಕವಲುದಾರಿ ಹೇಳಿದ್ದೆಲ್ಲ ಅದರ ಕೆಲಸ. 1986ರ ಟಿಎಚ್1-ಟಿಎಚ್2 ಮಾದರಿ "ಬಿ ಕೋಶಕ್ಕೆ ಸಹಾಯ ಮಾಡುವುದು ಟಿಎಚ್2" ಎಂದು ಕಲಿಸಿತು. ಅದು ಈಗಲೂ ಪ್ರಶ್ನೆಪತ್ರಿಕೆಗಳಲ್ಲಿ ಬದುಕಿದೆ, ಮರೆತುಬಿಡಿ.

ಬಗೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕುಷ್ಠರೋಗ ನೋಡಿ. ಬ್ಯಾಕ್ಟೀರಿಯ ಒಂದೇ. ಟಿಎಚ್1 ಬಲವಾಗಿರುವವರಲ್ಲಿ ಟ್ಯೂಬರ್ಕ್ಯುಲಾಯ್ಡ್ ರೂಪ: ಮಚ್ಚೆ ಕೆಲವೇ, ಬ್ಯಾಕ್ಟೀರಿಯ ಹುಡುಕಿದರೂ ಸಿಗುವುದು ಕಷ್ಟ, ನರಕ್ಕೆ ಮಾತ್ರ ಪೆಟ್ಟು. ಟಿಎಚ್2 ಕಡೆ ವಾಲಿದವರಲ್ಲಿ ಲೆಪ್ರೊಮ್ಯಾಟಸ್ ರೂಪ: ಪ್ರತಿಕಾಯ ಬೇಕಾದಷ್ಟು, ಆದರೂ ಮ್ಯಾಕ್ರೋಫೇಜಿನೊಳಗೆ ಬ್ಯಾಕ್ಟೀರಿಯ ಕಿಕ್ಕಿರಿದಿರುತ್ತದೆ. ಪ್ರತಿಕಾಯ ಕೋಶದ ಒಳಕ್ಕೆ ಹೋಗಲಾರದು, ಅಷ್ಟೇ ಸಂಗತಿ.

ಲ್ಯಾಬಿನಲ್ಲಿ ಈ ಬಗೆಗಳನ್ನು ಎಣಿಸುವವರು ಎಡವುವ ಎರಡು ಜಾಗ. ಪಿಎಂಎ-ಅಯೋನೊಮೈಸಿನ್ ಹಾಕಿ 4-6 ಗಂಟೆ ಕೆರಳಿಸಿದಾಗ ಪಿಎಂಎ ಮೇಲ್ಮೈಯ ಸಿಡಿ4ನ್ನು ಒಳಗೆಳೆಸುತ್ತದೆ. "ಸಿಡಿ4 ಕೋಶ ಎಲ್ಲಿ ಹೋದವು" ಎಂದು ಗಾಬರಿಯಾಗುವ ಬದಲು ಸಿಡಿ3 (ಎಲ್ಲ ಟಿ ಕೋಶಗಳ ಗುರುತು) ಇರುವ, ಸಿಡಿ8 ಇಲ್ಲದ ಕೋಶಗಳನ್ನು ನೋಡಬೇಕು. ಸ್ರಾವ ತಡೆಯುವ ಬ್ರೆಫೆಲ್ಡಿನ್ ಹಾಕುವುದು ಮರೆತರೆ ಸೈಟೊಕೈನ್ ಹೊರಗೆ ಹೋಗಿ ಕೋಶ ಖಾಲಿ ಕಾಣುತ್ತದೆ. ಎರಡನೆಯದು, ಮನುಷ್ಯರ ಸಾಮಾನ್ಯ ಟಿ ಕೋಶವೂ ಕೆರಳಿದಾಗ ಸ್ವಲ್ಪ ಕಾಲ ಫಾಕ್ಸ್‌ಪಿ3 ತೋರಿಸುತ್ತದೆ. ಅದೊಂದನ್ನೇ ನಂಬಿ ತಡೆಯುವ ಕೋಶ ಎಂದು ಬರೆಯಬಾರದು, ಸಿಡಿ25 ಹೆಚ್ಚು ಮತ್ತು ಸಿಡಿ127 ಕಡಿಮೆ ಇರುವುದನ್ನೂ ನೋಡಿ.

ಎಣಿಕೆಯವರು

ಕೆಟ್ಟಾಗ ಏನಾಗುತ್ತದೆ ಎಂಬುದನ್ನು ಸೇರಿಸುತ್ತೇನೆ, ಒಂದೊಂದು ಅಣುವಿನ ಪಾತ್ರ ಅಲ್ಲೇ ಸ್ಪಷ್ಟವಾಗುವುದು.

ಸಿಡಿ40 ಲೈಗ್ಯಾಂಡಿನ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಅದು ಕೆಟ್ಟ ಗಂಡುಮಕ್ಕಳಲ್ಲಿ ಟಿ ಕೋಶ ಇದೆ, ಬಿ ಕೋಶ ಇದೆ, ಎಣಿಕೆಯೂ ಸರಿ. ರಕ್ತದಲ್ಲಿ ಐಜಿಎಂ ಸಹಜ ಅಥವಾ ಹೆಚ್ಚು, ಐಜಿಜಿ ಮತ್ತು ಐಜಿಎ ತೀರಾ ಕಡಿಮೆ, ಜರ್ಮಿನಲ್ ಸೆಂಟರ್ ಇಲ್ಲವೇ ಇಲ್ಲ. ಪ್ರತಿಕಾಯದ ಕೊರತೆ ಮಾತ್ರ ಆಗಿದ್ದರೆ ಐಜಿಜಿ ಚುಚ್ಚಿ ಸುಮ್ಮನಿರಬಹುದಿತ್ತು. ಆದರೆ ಈ ಮಕ್ಕಳಿಗೆ ನ್ಯುಮೊಸಿಸ್ಟಿಸ್ ನ್ಯುಮೋನಿಯಾ, ಕ್ರಿಪ್ಟೊಸ್ಪೊರಿಡಿಯಂ ಭೇದಿಯೂ ಬರುತ್ತವೆ, ಯಾಕೆಂದರೆ ಮ್ಯಾಕ್ರೋಫೇಜ್ ಮತ್ತು ಡೆಂಡ್ರಿಟಿಕ್ ಕೋಶಗಳಿಗೂ ಅದೇ ಸಿಡಿ40 ಮೂಲಕವೇ ಬಲ ಸಿಗಬೇಕು. ಆದ್ದರಿಂದ ಐಜಿಜಿ ಜೊತೆ ಕೋಟ್ರೈಮಾಕ್ಸಜೋಲ್ ಎಂಬ ಪ್ರತಿಜೈವಿಕ ಕೊಡುತ್ತಾರೆ, ಕುದಿಸಿದ ಅಥವಾ ಸೂಕ್ಷ್ಮವಾಗಿ ಸೋಸಿದ ನೀರನ್ನೇ ಕುಡಿಸಲು ಹೇಳುತ್ತಾರೆ. ಕ್ಲೋರಿನ್‌ಗೆ ಕ್ರಿಪ್ಟೊಸ್ಪೊರಿಡಿಯಂ ಜಗ್ಗುವುದಿಲ್ಲ.

ಎಚ್‌ಐವಿಯಲ್ಲಿ ಕೋಶಗಳೇ ಕರಗುತ್ತವೆ. ವೈರಸ್ಸಿನ ಜಿಪಿ120 ಮೊದಲು ಸಿಡಿ4ಕ್ಕೆ, ಆಮೇಲೆ ಸಿಸಿಆರ್5 ಅಥವಾ ಸಿಎಕ್ಸ್‌ಸಿಆರ್4ಕ್ಕೆ ಅಂಟುತ್ತದೆ. ವಯಸ್ಕರಲ್ಲಿ ಸಿಡಿ4 ಎಣಿಕೆ ಸಾಮಾನ್ಯವಾಗಿ ಮೈಕ್ರೋಲೀಟರಿಗೆ 500ರಿಂದ 1500. 200ರ ಕೆಳಗೆ ನ್ಯುಮೊಸಿಸ್ಟಿಸ್, 100ರ ಕೆಳಗೆ ಟಾಕ್ಸೊಪ್ಲಾಸ್ಮಾ, 50ರ ಕೆಳಗೆ ಸಿಎಂವಿ (ಸೈಟೊಮೆಗಾಲೊ ವೈರಸ್) ಕಣ್ಣಿನ ಸೋಂಕು. ಕ್ಷಯ ಮಾತ್ರ ಈ ಮೆಟ್ಟಿಲು ಲೆಕ್ಕಿಸುವುದಿಲ್ಲ, ಯಾವ ಎಣಿಕೆಯಲ್ಲೂ ಬರಬಹುದು.

ಎಣಿಕೆಯನ್ನು ಓದುವವರಿಗೆ: ಮಾನೊಸೈಟ್‌ಗಳ ಮೇಲೂ ಮಂದವಾಗಿ ಸಿಡಿ4 ಇದೆ. ಸಿಡಿ3 ಜೊತೆಗಿಟ್ಟು ನೋಡದಿದ್ದರೆ ಸಂಖ್ಯೆ ಸುಳ್ಳು ಹೇಳುತ್ತದೆ. ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಹಾಕಿದ ರಕ್ತವನ್ನು ಫ್ರಿಜ್ಜಿಗೆ ಹಾಕಬೇಡಿ, ಕೋಣೆಯ ತಾಪದಲ್ಲೇ ಇರಲಿ. ದಿನದ ಹೊತ್ತಿನ ಮೇಲೂ ಎಣಿಕೆ ಏರಿಳಿಯುತ್ತದೆ, ಬೆಳಗ್ಗೆ ಕಡಿಮೆ. ಎರಡು ವರದಿಗಳ ನಡುವೆ ಶೇ 30ಕ್ಕಿಂತ ಕಡಿಮೆ ವ್ಯತ್ಯಾಸಕ್ಕೆ ಅರ್ಥ ಹಚ್ಚಬೇಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ಸಹಜ ಎಣಿಕೆಯೇ ಹೆಚ್ಚಿದ್ದು ವಯಸ್ಸಿನೊಂದಿಗೆ ಇಳಿಯುವುದರಿಂದ ಶೇಕಡಾವಾರನ್ನೂ ನೋಡುವುದು ಉಪಯುಕ್ತ.

ಟಿಎಚ್1 ನೆನಪನ್ನೇ ಅಳೆಯುವ ಪರೀಕ್ಷೆಯೂ ಇದೆ, ಕ್ಷಯದ ಐಜಿಆರ್‌ಎ. ಕ್ಷಯದ ಬ್ಯಾಕ್ಟೀರಿಯದ ಇಸ್ಯಾಟ್-6, ಸಿಎಫ್‌ಪಿ-10 ಪ್ರೋಟೀನುಗಳ ಪೆಪ್ಟೈಡುಗಳಿರುವ ನಳಿಕೆಯಲ್ಲಿ ರಕ್ತವನ್ನು 37 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಟ್ಟು ಬಂದ ಇಂಟರ್‌ಫೆರಾನ್ ಗಾಮಾ ಅಳೆಯುತ್ತಾರೆ. ಕ್ಷಯದ ಲಸಿಕೆಯಾದ ಬಿಸಿಜಿಯಲ್ಲಿ ಆ ಎರಡು ಪ್ರೋಟೀನುಗಳಿಲ್ಲದ ಕಾರಣ ಲಸಿಕೆಯ ಗೊಂದಲ ಬರುವುದಿಲ್ಲ. ಯಾವ ಟಿ ಕೋಶವನ್ನಾದರೂ ಕೆರಳಿಸಬೇಕಾದ ಮೈಟೊಜೆನ್ ನಳಿಕೆಯೇ ಸುಮ್ಮನಿದ್ದರೆ ಫಲಿತಾಂಶ "ಅನಿರ್ಧಾರಿತ". ಅದನ್ನು "ನೆಗೆಟಿವ್" ಎಂದು ಓದುವುದು ದೊಡ್ಡ ತಪ್ಪು. ಟಿ ಕೋಶ ಕಡಿಮೆ ಇರಬಹುದು, ಔಷಧಿಯಿಂದ ಕುಗ್ಗಿರಬಹುದು, ಅಥವಾ ರಕ್ತ ಇನ್‌ಕ್ಯುಬೇಟರ್ ಸೇರಲು ತಡವಾಗಿರಬಹುದು.

ಅರೆಬೆಳಕು

ಕೊನೆಯ ಪ್ರಶ್ನೆ. ಹಿಬ್ ಲಸಿಕೆಯಲ್ಲಿ ಬೆಸೆದು ಬೇಕೆಂತಲೇ ಮಾಡಿದ್ದು ದೇಹದಲ್ಲಿ ತಾನಾಗಿಯೇ ನಡೆದರೆ? ಅಂದರೆ ನಮ್ಮದೇ ಪ್ರೋಟೀನಿಗೆ ಹೊರಗಿನ ಪ್ರೋಟೀನು ಅಂಟಿಕೊಂಡರೆ ನಮ್ಮ ಮೇಲೆಯೇ ಪ್ರತಿಕಾಯ ಬರಬೇಕಲ್ಲ?

ಕವಲುದಾರಿ

ಬರುತ್ತದೆ, ಗ್ಲುಟೆನ್ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆಯಲ್ಲಿ ಇದೇ ನಡೆಯುತ್ತಿದೆ ಎಂಬುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ನಮ್ಮ ಕರುಳಿನ ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವ ಗೋಧಿಯ ಗ್ಲುಟೆನ್ ಪೆಪ್ಟೈಡಿನ ಗ್ಲುಟಮೀನನ್ನು ಗ್ಲುಟಮೇಟ್ ಮಾಡುತ್ತದೆ. ಹಾಗೆ ಬದಲಾದ ಪೆಪ್ಟೈಡ್ ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಸಂದಿನಲ್ಲಿ ಬಿಗಿಯಾಗಿ ಕೂರುತ್ತದೆ, ಆ ಜೀನುಗಳಿರುವವರಲ್ಲಿ ಗ್ಲುಟೆನ್ ವಿರುದ್ಧದ ಸಹಾಯಕ ಟಿ ಕೋಶ ತಯಾರಾಗುತ್ತದೆ. ಕಿಣ್ವ ಕೆಲಸದ ನಡುವೆ ಗ್ಲುಟೆನ್‌ಗೆ ತಾನೇ ಬೆಸೆದುಕೊಳ್ಳುವುದೂ ಉಂಟು. ಆಗ ಕಿಣ್ವವನ್ನು ಹಿಡಿಯುವ ಬಿ ಕೋಶ ಅದರ ಜೊತೆ ಗ್ಲುಟೆನ್ನನ್ನೂ ನುಂಗಿ, ಗ್ಲುಟೆನ್ ಪೆಪ್ಟೈಡ್ ತೋರಿಸಿ, ಗ್ಲುಟೆನ್ ಟಿ ಕೋಶದಿಂದ ಒಪ್ಪಿಗೆ ಪಡೆಯುತ್ತದೆ. ಕಿಣ್ವದ ವಿರುದ್ಧ ಟಿ ಕೋಶ ಇರಬೇಕೆಂದೇ ಇಲ್ಲ.

ಗ್ಲುಟೆನ್ ಬಿಟ್ಟವರಲ್ಲಿ ಈ ಸ್ವಂತ ಕಿಣ್ವದ ಪ್ರತಿಕಾಯ ತಿಂಗಳುಗಳಲ್ಲಿ ಇಳಿಯುತ್ತ ಬರುವುದಕ್ಕೆ ಇದೇ ಕಾರಣ, ನೆರವಿನ ಮೂಲ ನಿಂತುಹೋಗಿರುತ್ತದೆ. ಹಾಗಾಗಿಯೇ ಟಿಟಿಜಿ (ಆ ಕಿಣ್ವದ ಕಿರುಹೆಸರು) ಪ್ರತಿಕಾಯ ಪರೀಕ್ಷೆಯನ್ನು ಗ್ಲುಟೆನ್ ತಿನ್ನುತ್ತಿರುವಾಗಲೇ ಮಾಡಿಸಬೇಕು. ಮೊದಲೇ ಬಿಟ್ಟುಬಿಟ್ಟರೆ ಕಾಯಿಲೆ ಇದ್ದೂ ವರದಿ ನೆಗೆಟಿವ್ ಬರಬಹುದು. ಜೊತೆಗೆ ಒಟ್ಟು ಐಜಿಎ ಕೂಡ ನೋಡಿ, ಪರೀಕ್ಷೆ ಹುಡುಕುವುದು ಐಜಿಎ ಬಗೆಯನ್ನೇ. ಐಜಿಎ ಹುಟ್ಟಿನಿಂದಲೇ ಇಲ್ಲದವರಲ್ಲಿ ಅದು ಸುಮ್ಮನೆ ಸೊನ್ನೆ ತೋರಿಸುತ್ತದೆ.